ತಿರುಗಾಟ ಯಾರಪ್ಪನ ಆಸ್ತಿ?

ಕೈತುಂಬ ಸಂಬಳದ ಕೆಲಸಕ್ಕೆ ರಾಜೀನಾಮೆ ಕೊಟ್ಟು ದೇಶ ಸುತ್ತಲು ಹೊರಟವನ ಚಿತ್ರ ನಮ್ಮ ಭಾನುವಾರದ ಪುರವಣಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಿಂದೆ ಲಡಾಖಿನ ಬೆಟ್ಟ, ಬೆನ್ನ ಮೇಲೆ ಚೀಲ, ಕೆಳಗೆ ಅವನ ಧೈರ್ಯದ ಗುಣಗಾನ. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾಸಿಗೆ ಸುತ್ತಿ, ಪಾತ್ರೆ ಗಂಟು ಕಟ್ಟಿ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾದು ಕೂತವಳೂ ಊರು ಬಿಟ್ಟೇ ಹೊರಟಿರುತ್ತಾಳೆ. ಎಲ್ಲಿ ಮಲಗುವುದು, ಏನು ಉಣ್ಣುವುದು, ಯಾವಾಗ ಮರಳುವುದು, ಒಂದೂ ಗೊತ್ತಿಲ್ಲದೆ ಹೊರಟಿರುತ್ತಾಳೆ. ಅವಳ ಚಿತ್ರ ಬರುವುದು ಬರಗಾಲದ ವರದಿಯಲ್ಲಿ, ಅದೂ ಹೆಸರಿಲ್ಲದೆ. ಅವಳನ್ನು ಧೈರ್ಯವಂತೆ ಎಂದು ಕರೆದ ಒಂದೇ ಒಂದು ವಾಕ್ಯವನ್ನು ನಾನು ಇದುವರೆಗೆ ಓದಿಲ್ಲ.

ಕೆಲಸ ಬಿಟ್ಟು ತಿರುಗುವುದು ತಪ್ಪೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅದು ಎಲ್ಲರದೂ ಆಗಬೇಕು ಎಂದು ಜಗಳ ತೆಗೆಯಲು ಬರೆಯುತ್ತಿದ್ದೇನೆ. ಹೊಟ್ಟೆಪಾಡಿನ ಆಚೆಗೆ ಒಂದಷ್ಟು ಕಾಲ, ಯಾರ ಹಾಜರಿ ಪುಸ್ತಕಕ್ಕೂ ಸಹಿ ಹಾಕದೆ, ಈ ನೆಲವನ್ನು ನೋಡಿ ಬರುವ ಹಕ್ಕು ಮನುಷ್ಯರಾಗಿ ಹುಟ್ಟಿದ ಎಲ್ಲರಿಗೂ ಇದೆ. ಆ ಹಕ್ಕನ್ನು ಕೆಲವರ ಪಾಲಿಗೆ ಸಾಹಸ ಮಾಡಿ, ಉಳಿದವರ ಪಾಲಿಗೆ ಸೋಮಾರಿತನವೆಂದೋ ಅಪರಾಧವೆಂದೋ ಷರಾ ಬರೆದವರ ಮೇಲೆ ನನ್ನ ಸಿಟ್ಟು.

ನಾನೂ ಕೆಲಸ ಬಿಟ್ಟು ತಿರುಗಿದವನೇ. ಲಿಂಗಸುಗೂರು ಕಡೆಯ ಕೂಲಿಯವರ ಮಗ. ಬೆಂಗಳೂರಿನ ಒಂದು ಕಂಪನಿಯಲ್ಲಿ ರಾಜೀನಾಮೆ ಪತ್ರ ಮುಂದಿಟ್ಟಾಗ ಮೇಲಿನವರು ಕೇಳಿದ್ದು, ‘ನಿಮ್ಮಂಥವರಿಗೆ ಇಂಥ ಕೆಲಸ ಇನ್ನೊಮ್ಮೆ ಸಿಗುತ್ತೇನ್ರೀ?’ ಅಂತ. ನಮ್ಮಂಥವರು ಅಂದರೆ ಯಾರು ಎಂಬುದು ಕೇಳಿದವರಿಗೂ ಗೊತ್ತಿತ್ತು, ಕೇಳಿಸಿಕೊಂಡವನಿಗೂ ಗೊತ್ತಿತ್ತು. ಅದೇ ವರ್ಷ ಪಕ್ಕದ ಟೇಬಲ್ಲಿನ ಗೆಳೆಯ ಹಿಮಾಲಯಕ್ಕೆ ಹೊರಟಾಗ ಕೇಕ್ ಕತ್ತರಿಸಿ, ಚಪ್ಪಾಳೆ ತಟ್ಟಿ ಬೀಳ್ಕೊಟ್ಟಿದ್ದರು. ಅವನ ರಿಲೀವಿಂಗ್ ಲೆಟರ್ ತಕ್ಷಣ ಕೈಗೆ ಬಂತು. ನನ್ನದಕ್ಕೆ ತಿಂಗಳುಗಟ್ಟಲೆ ಅಲೆಸಿದರು, ಕೊನೆಯ ಸಂಬಳದಲ್ಲಿ ಏನೇನೋ ಕಡಿತ ತೋರಿಸಿದರು. ಗೆಳೆಯ ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಜಯನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯಿತ್ತು. ಎಷ್ಟು ತಿಂಗಳು ಬಿಟ್ಟು ಬಂದರೂ ಅವನ ಕೋಣೆ ಅವನಿಗೆ, ನಾಲ್ಕು ಕಡೆ ಮಾತಾಡಿ ಹೊಸ ಕೆಲಸ ಕೊಡಿಸಲು ಸೋದರಮಾವ. ಅವನು ಬೆನ್ನಿಗೇರಿಸಿಕೊಂಡು ಹೋದ ಚೀಲಕ್ಕಿಂತ ಮನೆಯಲ್ಲಿ ಬಿಟ್ಟು ಹೋದ ಗಂಟು ದೊಡ್ಡದು. ಪುರವಣಿಗಳು ಆ ಗಂಟಿನ ಬಗ್ಗೆ ಬರೆಯುವುದಿಲ್ಲ.

ನಾನು ಊರಿಗೆ ಫೋನು ಮಾಡಿ ಹೇಳಿದಾಗ ಅವ್ವ ಅಂದಳು: ‘ಸಿಕ್ಕ ನೌಕರಿ ಬಿಟ್ಟು ಊರೂರು ತಿರಗತೀಯೇನಪಾ? ನಿಮ್ಮಪ್ಪ ದುಡಿಯಾಕ ತಿರಗಿದ್ದು ಸಾಕಾಗಿಲ್ಲೇನು?’ ಅಪ್ಪ ಪುಣೆ, ಗೋವೆ, ಬೆಂಗಳೂರು ಎಲ್ಲಾ ತಿರುಗಿದ್ದ. ಎಲ್ಲಿ ಹೋದರೂ ಅವನಿಗೆ ಸಿಕ್ಕಿದ್ದು ಏಳುತ್ತಿರುವ ಕಟ್ಟಡ, ಅದರ ಬುಡದಲ್ಲಿ ತಗಡಿನ ಶೆಡ್ಡು. ಗೋವೆಯಲ್ಲಿ ವರ್ಷಗಟ್ಟಲೆ ದುಡಿದು ಒಂದು ದಿನವೂ ಸಮುದ್ರ ನೋಡದೆ ಬಂದ ಮನುಷ್ಯ ಅವನು. ಅವನು ಕಟ್ಟಿದ ಹೋಟೆಲಿನ ಕಿಟಕಿಯಿಂದ ಸಮುದ್ರ ಕಾಣುತ್ತದೆ.

ಸಂವಿಧಾನದ 19ನೇ ವಿಧಿ ಈ ದೇಶದ ಉದ್ದಗಲ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಪ್ರತಿ ನಾಗರಿಕರಿಗೂ ಕೊಟ್ಟಿದೆ. ಅದಕ್ಕಿಂತಲೂ ನೇರವಾಗಿ ಮಾತಾಡುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಸಾಲದ, ಮುಂಗಡದ ದೆಸೆಯಿಂದ ಆಳು ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ ಅದು ಜೀತ. ದೇಶದೊಳಗೆ ತನ್ನಿಚ್ಛೆಯಂತೆ ಓಡಾಡುವ ಹಕ್ಕು ಕಳೆದುಕೊಂಡರೂ ಜೀತವೇ. ಇದು ಆ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಕೆಲಸ ಬಿಡುವುದು, ಕಾಲು ಎಳೆದತ್ತ ಹೋಗುವುದು, ಈ ಎರಡೂ ಸ್ವತಂತ್ರ ಮನುಷ್ಯರ ಲಕ್ಷಣ ಎಂದು ಗಣರಾಜ್ಯ ಬರೆದು ಕೊಟ್ಟಾಗಿದೆ. ಹಾಗಿದ್ದೂ ಇಟ್ಟಿಗೆ ಭಟ್ಟಿಗಳಲ್ಲಿ, ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಮುಂಗಡ ತೀರದೆ ಕಾಲು ಕೀಳಲಾಗದವರು ಇಂದಿಗೂ ಇದ್ದಾರೆ. 2020ರ ಮೇ ಮೊದಲ ವಾರದಲ್ಲಿ, ಲಾಕ್‌ಡೌನಿನ ನಡುವೆ, ಕರ್ನಾಟಕ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ಹೊರರಾಜ್ಯದ ಕಾರ್ಮಿಕರನ್ನು ಊರಿಗೊಯ್ಯುವ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಎಲ್ಲೆಡೆಯಿಂದ ಛೀಮಾರಿ ಬಿದ್ದ ಮೇಲೆ ಹಿಂದೆ ಸರಿಯಿತು. ಕೂಲಿಯಿಲ್ಲ, ಕೂಳಿಲ್ಲ, ಆದರೂ ಊರಿಗೆ ಹೋಗಕೂಡದು. ಆ ಪತ್ರವನ್ನು 1976ರ ಕಾಯ್ದೆಯ ಪಕ್ಕದಲ್ಲಿಟ್ಟು ಓದಿ.

ಹೇಗೋ ಹೊರಟೆವು ಅನ್ನಿ. ರಸ್ತೆ ಎಲ್ಲರಿಗೂ ಒಂದೇ ಏನು? 1934ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮತ್ತು ಚಳವಳಿಯ ಸಂಗಾತಿಗಳು ಸುಮಾರು 30 ಜನ ಪ್ರವಾಸ ಹೊರಟರು. ಸಂಗಾತಿಗಳಿಗೆ ಎಲ್ಲೋರದ ಬೌದ್ಧ ಗುಹೆಗಳನ್ನು ನೋಡುವ ಆಸೆ, ಬಾಬಾಸಾಹೇಬರು ಬರುತ್ತೇನೆಂದರು. ಊರ ಕೆರೆಯ ನೀರಿಗೆ ಹೋರಾಡಿ ದಣಿದ ಜನ ಚಂದದ್ದೊಂದನ್ನು ನೋಡಿ ಬರೋಣವೆಂದು ಹೊರಟ ಆ ಆಸೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದಾರಿಯಲ್ಲಿ ದೌಲತಾಬಾದ್ ಕೋಟೆ. ಪ್ರಯಾಣದ ಧೂಳು ಮೆತ್ತಿದ್ದ ಮುಖವನ್ನು ಕೋಟೆ ಬಾಗಿಲ ಬಳಿಯ ನೀರಿನ ತೊಟ್ಟಿಯಲ್ಲಿ ತೊಳೆದುಕೊಂಡರು. ಮುದುಕನೊಬ್ಬ ಓಡಿಬಂದು ಅಸ್ಪೃಶ್ಯರು ನೀರು ಮೈಲಿಗೆ ಮಾಡಿದರೆಂದು ಕೂಗೆಬ್ಬಿಸಿದ. ಜನ ಸೇರಿ ಬೈದರು, ಹೊಡೆದಾಟಕ್ಕೆ ನಿಂತರು. ಕೊನೆಗೆ ಒಳಗೆಲ್ಲೂ ನೀರು ಮುಟ್ಟಬಾರದೆಂಬ ಷರತ್ತಿನ ಮೇಲೆ ಕೋಟೆ ನೋಡಲು ಬಿಟ್ಟರು. ಮುಟ್ಟದಂತೆ ಕಾಯಲು ಆಯುಧ ಹಿಡಿದ ಸಿಪಾಯಿಯನ್ನೂ ಜೊತೆಗೆ ಕಳಿಸಿದರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಬ್ಯಾರಿಸ್ಟರ್ ತನ್ನದೇ ದೇಶದ ಕೋಟೆಯನ್ನು ಹೀಗೆ ನೋಡಬೇಕಾಯಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ.

ಕಾಲ ಬದಲಾಗಿದೆ ಎನ್ನುವವರು ನನ್ನ ಜೊತೆ ಹಳ್ಳಿಗಳ ದಾರಿಯಲ್ಲಿ ನಡೆದು ಬರಲಿ. ಕುಡಿಯಲು ನೀರು ಕೇಳಿದರೆ ಚೊಂಬಿಗಿಂತ ಮೊದಲು ಬರುವ ಪ್ರಶ್ನೆ, ‘ತಾವು ಯಾವ ಪೈಕಿ?’ ರಾತ್ರಿ ಮಲಗಲು ಜಾಗ ಕೇಳಿದರೂ ಅದೇ. ಹೆಸರಿನ ಹಿಂದಿರುವ ಮನೆತನದ ಬಲದಿಂದ ಆ ಪ್ರಶ್ನೆಯನ್ನು ಒಮ್ಮೆಯೂ ಎದುರಿಸದವರು, ಜನ ಎಷ್ಟು ಒಳ್ಳೆಯವರು, ಎಲ್ಲೆಡೆ ಅನ್ನ ಹಾಕುತ್ತಾರೆ ಎಂದು ಬರೆಯುತ್ತಾರೆ. ಅವರಿಗೆ ಹಾಕಿರುತ್ತಾರೆ, ನಿಜ. ಅದನ್ನು ದೇಶದ ಗುಣವೆಂದು ಹೇಳಬೇಡಿ.

ತಿರುಗಾಟವೇ ಬದುಕಾಗಿದ್ದವರನ್ನು ನಾವು ಏನು ಮಾಡಿದೆವು? 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆಯಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. ಊರಾಚೆ ಡೇರೆ ಹಾಕಿದ ಕೊರಚರ, ಸುಡುಗಾಡು ಸಿದ್ಧರ, ಶಿಳ್ಳೇಕ್ಯಾತರ ಬಳಿಗೆ ಕಳುವಾದ ರಾತ್ರಿ ಮೊದಲು ಬರುವುದು ಲಾಠಿ. ಹಕ್ಕಿಪಿಕ್ಕಿಗಳ ಬೇಟೆಯ ಬದುಕು 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. ಅವರು ಗಿಡಮೂಲಿಕೆ ಎಣ್ಣೆ ಕಾಯಿಸಿದರು, ಪಾಸ್‌ಪೋರ್ಟ್ ಮಾಡಿಸಿದರು, ಆಫ್ರಿಕಾದ ದೇಶಗಳಿಗೆ ಹೋಗಿ ಮಾರಿ ಬಂದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಸಿಡಿದಾಗ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಆಗಷ್ಟೇ ನಮಗೆ ಅವರ ನೆನಪಾಯಿತು. ಕಾಲೇಜಿನ ಮೆಟ್ಟಿಲು ಹತ್ತದೆ, ಇಂಗ್ಲಿಷಿನ ಹಂಗಿಲ್ಲದೆ, ಪರದೇಶದ ಊರುಗಳಲ್ಲಿ ಕೋಣೆ ಹಿಡಿದು ವ್ಯಾಪಾರ ಮಾಡಿ ಬಂದವರು ಹುಣಸೂರಿನ, ಶಿವಮೊಗ್ಗದ, ಚನ್ನಗಿರಿಯ ಹಾಡಿ–ಕ್ಯಾಂಪುಗಳಲ್ಲಿದ್ದಾರೆ. ಅವರನ್ನು ಕೂರಿಸಿಕೊಂಡು ‘ಹೇಳಿ, ನೀವು ಕಂಡ ದೇಶ ಹೇಗಿತ್ತು’ ಎಂದು ಕೇಳಿದ ಸಂಪಾದಕ ಯಾರು?

ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಗಂಡನ ಜೇಬನ್ನು ಕೇಳದೆ ಲಕ್ಷಾಂತರ ಹೆಂಗಸರು ಧರ್ಮಸ್ಥಳಕ್ಕೆ, ಮೈಸೂರಿಗೆ, ಮಲೆಮಹದೇಶ್ವರನ ಬೆಟ್ಟಕ್ಕೆ ಹೋದರು. ಅದೆಂಥ ನಗೆಪಾಟಲು ಮಾಡಿದಿರಿ! ಮನೆಗೆಲಸ ಬಿಟ್ಟು ಊರು ಸುತ್ತುತ್ತಾರೆ, ಅಡುಗೆ ಮಾಡೋರಿಲ್ಲ, ಬಸ್ಸಿನಲ್ಲಿ ಸೀಟಿಲ್ಲ ಎಂದು ಮೊಬೈಲಿನಿಂದ ಮೊಬೈಲಿಗೆ ಹಂಚಿಕೊಂಡಿರಿ. ಬದುಕಿನಲ್ಲಿ ಒಂದೇ ಒಂದು ದಿನ ರಜೆ ಕಾಣದ ಹೆಂಗಸು ಎರಡು ದಿನ ಒಲೆಯಿಂದ ಎದ್ದು ಹೋದದ್ದಕ್ಕೆ ನಾಡಿಗೆ ನಾಡೇ ನಕ್ಕಿತು. ಕೆಲಸ ಬಿಟ್ಟು ಬೈಕಿನಲ್ಲಿ ಭಾರತ ಸುತ್ತಿದ ಗಂಡಸಿಗೆ ಶಾಲು ಹೊದಿಸಿದ್ದು ಇದೇ ನಾಡು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರನ್ನು ನಿಲ್ಲಿಸಿದ್ದು ನೆನಪಿದೆಯೇ? ಭವಿಷ್ಯನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಅದನ್ನು ಕೇಳಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಮಿಷನ್ನು ಬಿಟ್ಟು ಎದ್ದು ಬಂದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ನಿಯಮವನ್ನು ಎರಡನೇ ದಿನವೇ ಕೇಂದ್ರ ವಾಪಸು ಪಡೆಯಿತು. ಪತ್ರಿಕೆಗಳು ಟ್ರಾಫಿಕ್ ಜಾಮ್ ಬಗ್ಗೆ ಬರೆದವು. ನಡೆದದ್ದು ಬೇರೆಯೇ. ಹೊಲಿಗೆ ಮಿಷನ್ನಿನ ಮುಂದೆ ಕೂತು ಸೊಂಟ ಕಳೆದುಕೊಂಡವಳ ಕೈಗೆ ಒಟ್ಟಾಗಿ ಸಿಗುವ ಹಣ ಪಿಎಫ್ ಒಂದೇ. ಅದು ಸಿಕ್ಕರೆ ಅವಳು ಸೂಪರ್‌ವೈಸರನ ಮುಖಕ್ಕೆ ನಾಳೆಯಿಂದ ಬರುವುದಿಲ್ಲ ಎನ್ನಬಲ್ಲಳು, ಊರಿಗೆ ಹೋಗಿ ಆರು ತಿಂಗಳು ಉಸಿರಾಡಬಲ್ಲಳು. ಕೆಲಸ ಬಿಡುವ ಹಕ್ಕಿಗಾಗಿ ಈ ರಾಜ್ಯದಲ್ಲಿ ನಡೆದ ದೊಡ್ಡ ಹೋರಾಟ ಅದು, ಗೆದ್ದ ಹೋರಾಟ. ರಾಜೀನಾಮೆಯ ಧೈರ್ಯದ ಕಥೆ ಬೇಕೆನ್ನುವವರು ಅಲ್ಲಿಂದ ಶುರು ಮಾಡಿ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಕೊಡಬೇಕಾಗುತ್ತದೆಂದು ಅದಕ್ಕೆ ಮುಂಚೆಯೇ ರಾಜೀನಾಮೆ ಬರೆಸಿಕೊಂಡು, ಹೊಸಬಳೆಂದು ಮತ್ತೆ ಸೇರಿಸಿಕೊಳ್ಳುವ ದಂಧೆಯ ಬಗ್ಗೆಯೂ ಆಗ ಬರೆಯಬೇಕಾಗುತ್ತದೆ.

ಈ ನಡುವೆ ಮಾಲೀಕರ ಬಾಯಿ ದೊಡ್ಡದಾಗುತ್ತಿದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣ ಮೂರ್ತಿ 2023ರಲ್ಲಿ ಹೇಳಿದರು. ಅವರೇ ಹಲವು ಭಾಷಣಗಳಲ್ಲಿ ಹೇಳಿಕೊಂಡಂತೆ, 1974ರಲ್ಲಿ ಪ್ಯಾರಿಸಿನ ಕೆಲಸ ಮುಗಿಸಿ, ಸಿಕ್ಕ ವಾಹನ ಹತ್ತಿಕೊಂಡು ಯೂರೋಪನ್ನು ಹಾದು ಭಾರತಕ್ಕೆ ಹೊರಟಿದ್ದರು. ಬಲ್ಗೇರಿಯಾದ ಗಡಿಯಲ್ಲಿ ಬಂಧನಕ್ಕೊಳಗಾದರು. ತಮ್ಮ ಬದುಕಿನ ದಿಕ್ಕು ಬದಲಿಸಿದ್ದು ಆ ಪ್ರಯಾಣ ಎಂದೂ ಹೇಳಿದ್ದಾರೆ. ನಿಮ್ಮನ್ನು ರೂಪಿಸಿದ ಆ ಅಲೆದಾಟ ಇಂದಿನ ಹುಡುಗ ಹುಡುಗಿಯರಿಗೆ ಯಾಕೆ ಬೇಡ, ಸ್ವಾಮಿ? 70 ಗಂಟೆ ದುಡಿದವರು ಯಾವ ಗಡಿ ದಾಟಿಯಾರು? ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿದ ತಿದ್ದುಪಡಿಯನ್ನು ಇದೇ ಕರ್ನಾಟಕದ ಶಾಸನಸಭೆ 2023ರಲ್ಲಿ ಒಪ್ಪಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಸರ್ಕಾರಿ ಬ್ಯಾಂಕಿನ ನೌಕರ 2 ಲಕ್ಷ ರೂಪಾಯಿ ತೆರಬೇಕೆಂಬ ಕರಾರನ್ನು ಎತ್ತಿಹಿಡಿಯಿತು. ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ.

ಬೇರೆ ದಾರಿ ಇಲ್ಲವೆಂದು ಯಾರೂ ಹೇಳಬೇಡಿ. ಫ್ರಾನ್ಸಿನಲ್ಲಿ 1984ರಿಂದಲೂ ಒಂದು ಕಾನೂನಿದೆ. ಕೆಲವು ವರ್ಷ ದುಡಿದ ನೌಕರ 6ರಿಂದ 11 ತಿಂಗಳವರೆಗೆ ಸಂಬಳವಿಲ್ಲದ ರಜೆ ಕೇಳಬಹುದು, ಯಾಕೆಂದು ಹೇಳಬೇಕಿಲ್ಲ, ಮರಳಿದಾಗ ಅದೇ ಕೆಲಸವನ್ನೋ ಅದಕ್ಕೆ ಸಮನಾದದ್ದನ್ನೋ ಕೊಡಲೇಬೇಕು. ನಮ್ಮಲ್ಲೂ ರಜೆಯೆಂಬುದು ದಾನವಾಗಿ ಬಂದದ್ದಲ್ಲ. ದೌಲತಾಬಾದಿನಲ್ಲಿ ಅವಮಾನ ನುಂಗಿದ ಅದೇ ಅಂಬೇಡ್ಕರ್, 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, ಕಾರ್ಖಾನೆಯ ಆಳುಗಳಿಗೆ ಸಂಬಳ ಸಹಿತ ರಜೆ ಕೊಡಿಸುವ ತಿದ್ದುಪಡಿ ಮಂಡಿಸಿದರು. ಎಂಬತ್ತು ವರ್ಷದ ಹಿಂದೆ ಅವರು ಇಟ್ಟ ಹೆಜ್ಜೆಯ ಮುಂದಿನ ಹೆಜ್ಜೆಯನ್ನು ನಾವು ಇನ್ನೂ ಇಟ್ಟಿಲ್ಲ.

ಕೆಲಸ ಬಿಟ್ಟು ತಿರುಗಿ ಬಂದ ಗೆಳೆಯರೇ, ವೇದಿಕೆ ಹತ್ತಿದಾಗ ಮನಸ್ಸಿದ್ದರೆ ಮಾರ್ಗ ಎಂದು ಮಕ್ಕಳಿಗೆ ಹೇಳುವುದನ್ನು ನಿಲ್ಲಿಸಿ. ನಿಮ್ಮ ಬ್ಯಾಂಕಿನಲ್ಲಿ ಎಷ್ಟಿತ್ತು, ಮನೆ ಯಾರದು, ಸಾಲ ಯಾರು ತೀರಿಸುತ್ತಿದ್ದರು, ಅದನ್ನು ಹೇಳಿ. ಕಾರ್ಮಿಕ ಸಂಘಟನೆಗಳ ಸಂಗಾತಿಗಳೇ, ಈ ಸಲದ ಮೇ ದಿನದ ಬೇಡಿಕೆ ಪಟ್ಟಿಗೆ ಇದನ್ನೂ ಸೇರಿಸಿ: ಐದು ವರ್ಷ ದುಡಿದ ಪ್ರತಿಯೊಬ್ಬರಿಗೂ, ಗುತ್ತಿಗೆಯವರಾಗಲಿ ಗಾರ್ಮೆಂಟ್ಸಿನವರಾಗಲಿ ಮನೆಗೆಲಸದವರಾಗಲಿ, ಕಾರಣ ಕೇಳದ ಆರು ತಿಂಗಳ ರಜೆ, ಮರಳಿ ಬಂದಾಗ ಅದೇ ಕೆಲಸ. ಮಾಲೀಕರು ನಗುತ್ತಾರೆ. ಎಂಟು ಗಂಟೆ ಕೆಲಸ ಸಾಕೆಂದು ಕೇಳಿದಾಗಲೂ ಅವರು ನಕ್ಕಿದ್ದರು. ಬರೆಯಿರಿ.