ನೋಡಲು ಹೋದವರು, ನೋಡಿಕೊಳ್ಳಲು ಹೋದವರು

ವಿದೇಶದಲ್ಲಿರುವ ನಮ್ಮವರು ಬರೆಯುವ ಲೇಖನಗಳಲ್ಲಿ ಒಂದು ಗೋಳು ಮತ್ತೆ ಮತ್ತೆ ಬರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಅದರ ನಡುವೆ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಹೊತ್ತು ಹೋಗುವುದಿಲ್ಲ, ಚಳಿಗೆ ಹೊರಗೆ ಕಾಲಿಡುವುದಿಲ್ಲ, ವಾರಕ್ಕೊಮ್ಮೆ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು. ಅತಿಥಿ ಸತ್ಕಾರ ಮಾಡಿ ಸಾಕಾಯಿತು. ಈ ‘ಅತಿಥಿ’ ಎಂಬ ಮಾತಿಗೇ ನನ್ನ ತಕರಾರು. ಬೆಳಿಗ್ಗೆ ಎಂಟಕ್ಕೆ ಕೂಸನ್ನು ಅಮ್ಮನ ಕೈಗಿತ್ತು, ಸಂಜೆ ಆರಕ್ಕೆ ಬಂದು ಅದೇ ಕೈಯಿಂದ ಕಾಫಿ ಇಸಿದುಕೊಳ್ಳುವವರು ಯಾರಿಗೆ ಸತ್ಕಾರ ಮಾಡಿದ ಹಾಗಾಯಿತು?

ಸತ್ಕಾರ ಎಂದರೇನೆಂದು ಅರಸೀಕೆರೆಗೆ ಬಂದು ನೋಡಬೇಕು. ಅಮೆರಿಕದಿಂದ ಮಗಳು, ಅಳಿಯ, ಮೊಮ್ಮಕ್ಕಳು ಮೂರು ವಾರಕ್ಕೆ ಬರುತ್ತಾರೆಂದರೆ ತಿಂಗಳ ಮೊದಲೇ ಕಮೋಡು ಹಾಕಿಸುತ್ತಾರೆ, ಮಕ್ಕಳಿಗೆಂದು ಕ್ಯಾನ್ ನೀರು ತರಿಸುತ್ತಾರೆ. ಒಂದು ದಿನ ಇನ್ನೋವಾ ಗೊತ್ತುಮಾಡಿ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ 16 ಕಿ.ಮೀ. ಬೇಲೂರು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಈ ಸವಾರಿ ತಪ್ಪುವುದೇ ಇಲ್ಲ. ಅಜ್ಜ ಹತ್ತಾರು ಸಲ ನೋಡಿದ ಗುಡಿಯನ್ನು ಮತ್ತೆ ನೋಡುತ್ತಾರೆ, ಕಾರಿನ ದುಡ್ಡೂ ಅವರೇ ಕೊಡುತ್ತಾರೆ. (ಅರಸೀಕೆರೆಯದೇ 1220ರ ಶಿವಾಲಯ ನೋಡಲು ಯಾರಿಗೂ ಪುರುಸೊತ್ತಿಲ್ಲ, ಅದು ಬೇರೆ ಮಾತು.) ಇದು ಸತ್ಕಾರ. ಇದರ ಪಕ್ಕದಲ್ಲಿ ಅಲ್ಲಿನದನ್ನಿಟ್ಟು ನೋಡಿ.

ಬಾಣಂತನ ನಮ್ಮ ಸೀಮೆಯಲ್ಲಿ ತವರಿನ ಕೆಲಸ. ಬಸುರಿ ತಾಯಿಯ ಮನೆಗೆ ಬರುತ್ತಿದ್ದಳು. ಎಣ್ಣೆ ನೀರು ಹಾಕಲು ಬೀದಿಯ ಯಾರೋ ಅನುಭವಸ್ಥೆ, ಹಂಡೆಗೆ ಉರಿ ಹಾಕಲು ಇನ್ನೊಬ್ಬರು, ಕೂಸು ರಚ್ಚೆ ಹಿಡಿದರೆ ಎತ್ತಿಕೊಂಡು ಹೋಗಲು ಪಕ್ಕದ ಮನೆ ಹುಡುಗಿ. ಅಲ್ಲೂ ತಾಯಿ ದಣಿಯುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ಅದು ಅವಳ ಅಡುಗೆಮನೆ, ಅವಳ ಮಾತು ನಡೆಯುವ ಮನೆ. ಈಗ ತವರೇ ವಿಮಾನ ಹತ್ತುತ್ತದೆ. ಅರವತ್ತು ದಾಟಿದ ಹೆಂಗಸು, ಒಗ್ಗರಣೆ ಹಾಕಿದರೆ ಕಿರುಚುವ ಅಲಾರಂಗೆ ಹೆದರುತ್ತಾ, ತನ್ನದಲ್ಲದ ಅಡುಗೆಮನೆಯಲ್ಲಿ ಒಬ್ಬಳೇ. ಕಾರು ಓಡಿಸಲು ಬಾರದವಳಿಗೆ ಬಾಗಿಲಾಚೆ ಊರೇ ಇಲ್ಲ. ಕೆಲಸ ಅದೇ, ಯಜಮಾನಿಕೆ ಮಾತ್ರ ಹೋಯಿತು.

ಹೆಣ್ಣಿನ ಕಡೆಯವರದು ಆರು ತಿಂಗಳು. ಅವರು ಹೊರಡುವ ವಾರಕ್ಕೆ ಗಂಡಿನ ಕಡೆಯವರು ಇಳಿಯುತ್ತಾರೆ. ಈ ಆರು ತಿಂಗಳ ಲೆಕ್ಕ ಯಾವ ಪಂಚಾಂಗದ್ದೂ ಅಲ್ಲ, ಅಮೆರಿಕದ ಬಿ-2 ವೀಸಾದಲ್ಲಿ ಒಮ್ಮೆಗೆ ಸಾಮಾನ್ಯವಾಗಿ ಸಿಗುವ ಗಡುವು. ಅದು ಪ್ರವಾಸಕ್ಕೆ, ನೆಂಟರನ್ನು ಕಾಣುವುದಕ್ಕೆ ಕೊಡುವ ವೀಸಾ. ಸಂದರ್ಶನಕ್ಕೆ ಚೆನ್ನೈಗೆ ಹೊರಡುವ ಮುನ್ನ ಮಗ ಫೋನಿನಲ್ಲಿ ಪಾಠ ಹೇಳಿಕೊಡುತ್ತಾನೆ: “ಮಗು ನೋಡ್ಕೊಳ್ಳೋಕೆ ಅನ್ಬೇಡಮ್ಮ, ಮಗು ನೋಡೋಕೆ ಅನ್ನು.” ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ಎಷ್ಟು ದೂರ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಇಲ್ಲದಿದ್ದರೆ ಪಾಠ ಯಾಕೆ ಬೇಕಿತ್ತು?

ಹೋಗಿ ಬಂದ ನಮ್ಮ ದೊಡ್ಡಮ್ಮನನ್ನು ಏನೇನು ನೋಡಿದ್ರಿ ಅಂತ ಕೇಳಿದೆ. “ನಯಾಗರ ತೋರ್ಸಿದ್ರು ಕಣಪ್ಪ. ಮಗೂಗೆ ಹಾಲು ಕುಡಿಸ್ತಿದ್ದೆ, ಸರ್ಯಾಗಿ ನೋಡ್ಲಿಲ್ಲ” ಅಂದರು.

ಅಪ್ಪಂದಿರ ಕತೆಯನ್ನಂತೂ ಯಾರೂ ಬರೆಯುವುದಿಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಯಾವಾಗ ಸುಲಿಸಬೇಕು, ಯಾವ ವಾರ ಮಾರುಕಟ್ಟೆಗೆ ಹಾಕಬೇಕು ಎಂಬುದನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕು, ಆಳಿಗೆ ಫೋನಿನಲ್ಲಿ ಹೇಳಿ ಆಗುವುದಲ್ಲ. ಸುಳಿ ತಿನ್ನುವ ದುಂಬಿ ತೋಟಕ್ಕೆ ಬಿದ್ದರೆ ಮೊಮ್ಮಗನ ಹುಟ್ಟುಹಬ್ಬ ಮುಗಿಯಲಿ ಎಂದು ಕಾಯುವುದಿಲ್ಲ. ಟಿಕೆಟ್ ನಾವೇ ಕೊಡಿಸಿದೆವು ಎನ್ನುವ ಮಕ್ಕಳ ಲೆಕ್ಕದಲ್ಲಿ ಈ ನಷ್ಟ ಎಲ್ಲೂ ಇರುವುದಿಲ್ಲ.

ಮಕ್ಕಳ ಕಷ್ಟ ಸುಳ್ಳಲ್ಲ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಸಂಬಳ ಸಹಿತ ಹೆರಿಗೆ ರಜೆ ಕೊಡಲೇಬೇಕೆಂಬ ರಾಷ್ಟ್ರಮಟ್ಟದ ಕಾನೂನಿಲ್ಲ. 1993ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗಲ್ಲ. ನಮ್ಮಲ್ಲಿ 2017ರ ತಿದ್ದುಪಡಿಯಾದ ಮೇಲೆ ಸಂಘಟಿತ ವಲಯದ ತಾಯಂದಿರಿಗೆ ಮೊದಲ ಎರಡು ಹೆರಿಗೆಗೆ 26 ವಾರವಿದೆ. ಅಷ್ಟು ಶ್ರೀಮಂತ ದೇಶ ಮಾಡದೆ ಬಿಟ್ಟ ಕಾನೂನಿನ ಭಾರವನ್ನು ಅರಸೀಕೆರೆಯ ಹೆಂಗಸಿನ ಸವೆದ ಮಂಡಿ ಹೊರುತ್ತಿದೆ. ಮೊಮ್ಮಗುವಿನ ಆಸೆ ಅವರಿಗೂ ಇರುವುದಿಲ್ಲವೇ ಎನ್ನುತ್ತೀರಿ. ಇರುತ್ತದೆ. ಆಸೆಯಿಂದ ಮಾಡಿದರೂ ಹತ್ತು ಗಂಟೆ ದುಡಿದದ್ದು ಹತ್ತು ಗಂಟೆಯೇ. ಕೆನಡಾ ತಂದೆತಾಯಿಯರ ಸೂಪರ್ ವೀಸಾಕ್ಕೆ ಆರೋಗ್ಯ ವಿಮೆ ಕಡ್ಡಾಯ ಮಾಡಿದೆ. ಅಮೆರಿಕದ ಬಿ-2ಗೆ ಆ ಕಟ್ಟಳೆ ಇಲ್ಲ, ಮಗನ ಆತ್ಮಸಾಕ್ಷಿಗೆ ಬಿಟ್ಟದ್ದು. ಸಕ್ಕರೆ ಕಾಯಿಲೆಯ ಆರು ತಿಂಗಳ ಮಾತ್ರೆ ಗಂಟು ಕಟ್ಟಿಕೊಂಡು ಹೊರಡುವವರನ್ನು ಕಂಡರೆ ಆ ಸಾಕ್ಷಿ ಎಷ್ಟೆಂದು ತಿಳಿಯುತ್ತದೆ.

ಟಿಕೆಟ್ ಬುಕ್ ಮಾಡಿ ಆಮೇಲೆ ತಿಳಿಸಬೇಡಿ. ಬರುತ್ತೀರಾ ಎಂದು ಮೊದಲು ಕೇಳಿ. ಆಗುವುದಿಲ್ಲ ಎಂದರೆ ಮುಖ ಊದಿಸಬೇಡಿ. ವಾರಕ್ಕೆರಡು ದಿನವಾದರೂ ಕೂಸನ್ನು ಡೇಕೇರಿಗೆ ಬಿಡಿ, ತೋಟ ನೋಡುವ ಆಳಿನ ಸಂಬಳ ನೀವೇ ಕಳಿಸಿ. ಆರು ತಿಂಗಳು ಗಡುವಿದೆಯೆಂದು ಆರೂ ತಿಂಗಳು ಇಟ್ಟುಕೊಳ್ಳಬೇಕಿಲ್ಲ, ಮೂರು ತಿಂಗಳಿಗೇ ಕಳಿಸಿಕೊಟ್ಟರೆ ಯಾವ ಅಧಿಕಾರಿಯೂ ದಂಡ ಹಾಕುವುದಿಲ್ಲ. ಮತ್ತೆ, ಮುಂದಿನ ಸಲ ನೆಂಟರ ಕಾಟದ ಬಗ್ಗೆ ಬರೆಯಲು ಕೂತಾಗ ನಿಮ್ಮ ಕೂಸನ್ನು ಸಾಕಿಕೊಟ್ಟು ಹೋದವರನ್ನು ಆ ಪಟ್ಟಿಯಿಂದ ತೆಗೆಯಿರಿ.