ಜಿಎಸ್‌ಟಿ ರಿಟರ್ನ್ಸ್: ಕ್ಯಾಪ್ಚಾ ಕಾಣದಿದ್ದರೆ ‘ಸರ್ವರ್ ಇಲ್ಲ’ ಅಂತ ಕೂರಬೇಡಿ

ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ಸೈಬರ್ ಸೆಂಟರ್‌ಗಳಲ್ಲಿ ಕೇಳಿಬರುವುದು ಒಂದೇ ಮಾತು: ‘ಸರ್ವರ್ ಇಲ್ಲ, ನಾಳೆ ಬನ್ನಿ’. ಜಿಎಸ್‌ಟಿ ಪೋರ್ಟಲ್ ತೆರೆದುಕೊಂಡಿರುತ್ತದೆ, ಯೂಸರ್ ನೇಮ್ ಹಾಕಿದ ಮೇಲೆ ಬರಬೇಕಾದ ಕ್ಯಾಪ್ಚಾ ಮಾತ್ರ ಬರೋದಿಲ್ಲ. ಇಲ್ಲವೇ ಎಲ್ಲ ತುಂಬಿಸಿದ ಮೇಲೆ ಫೈಲ್ ಮಾಡುವ ಬಟನ್ ಕಾಣೋದಿಲ್ಲ. ಅಂಗಡಿಯವರು ವಾಪಸ್ ಹೋಗುತ್ತಾರೆ, ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ.

ಜಿಎಸ್‌ಟಿಆರ್–3ಬಿ ತಡವಾದರೆ ದಿನಕ್ಕೆ ₹50, ನಿಲ್ ರಿಟರ್ನ್ಸ್ ಆದರೂ ದಿನಕ್ಕೆ ₹20 ವಿಳಂಬ ಶುಲ್ಕ. ವಾರ್ಷಿಕ ವಹಿವಾಟು ₹1.5 ಕೋಟಿ ಒಳಗಿದ್ದವರಿಗೆ ಒಂದು ರಿಟರ್ನ್ಸ್‌ಗೆ ಗರಿಷ್ಠ ₹2,000. ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ ಬೇರೆ.

ಪೋರ್ಟಲ್ ನಿಜಕ್ಕೂ ಕೈಕೊಟ್ಟ ಉದಾಹರಣೆ ಇಲ್ಲದಿಲ್ಲ. 2025ರ ಜನವರಿ 10ರಂದು ದೇಶದಾದ್ಯಂತ ತೊಂದರೆಯಾದಾಗ, ಮಾಸಿಕ ಜಿಎಸ್‌ಟಿಆರ್–1ರ ಗಡುವನ್ನು 11ರಿಂದ 13ಕ್ಕೆ, 3ಬಿ ಗಡುವನ್ನು 20ರಿಂದ 22ಕ್ಕೆ ಸರ್ಕಾರವೇ ಮುಂದೂಡಿತು. ವ್ಯತ್ಯಾಸ ಇರೋದು ಇಲ್ಲೇ. ಎಲ್ಲರಿಗೂ ಆದ ತೊಂದರೆಗೆ ಅಧಿಸೂಚನೆ ಬರುತ್ತದೆ. ಒಂದೇ ಅಂಗಡಿಯ ಕಂಪ್ಯೂಟರಿನಲ್ಲಿ ಬಟನ್ ಕಾಣದಿದ್ದರೆ ಯಾರೂ ದಿನ ಮುಂದೂಡುವುದಿಲ್ಲ. ಹಾಗಾಗಿ ತೊಂದರೆ ಎಲ್ಲಿದೆ ಎಂದು ತಿಳಿಯುವುದೇ ಮೊದಲ ಕೆಲಸ.

ಪರೀಕ್ಷೆ ಎರಡು ನಿಮಿಷದ್ದು. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಪೋರ್ಟಲ್ ತೆರೆಯಬೇಕು. ಅಲ್ಲಿ ಕ್ಯಾಪ್ಚಾ ಬಂದರೆ ಸರ್ವರ್ ಸರಿಯಿದೆ, ತೊಂದರೆ ಇರುವುದು ಕಂಪ್ಯೂಟರ್ ಅಥವಾ ಅದರ ಇಂಟರ್ನೆಟ್‌ನಲ್ಲಿ. ಆಮೇಲೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡಬೇಕು. ಅದರಲ್ಲಿ ಸರಿಯಾಗಿ ಬಂದರೆ ಹಳೆಯ ಕ್ಯಾಶ್ ಅಥವಾ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಕಾರಣ. ಕ್ಯಾಶ್ ಅಳಿಸಿ, ಎಕ್ಸ್‌ಟೆನ್ಶನ್ ಆಫ್ ಮಾಡಿದರೆ ಸಾಕು.

ಇನ್ನೂ ಬರದಿದ್ದರೆ ನೋಡಬೇಕಾದ್ದು ಮೂರು. ಮೊದಲನೆಯದು ಯೂಸರ್ ನೇಮ್. ಬ್ರೌಸರ್ ತಾನೇ ತುಂಬಿದ ಹೆಸರನ್ನು ಪುಟ ಕೆಲವೊಮ್ಮೆ ಗಮನಿಸುವುದಿಲ್ಲ, ಅಳಿಸಿ ಕೈಯಾರೆ ಟೈಪ್ ಮಾಡಬೇಕು. ಎರಡನೆಯದು ಕಂಪ್ಯೂಟರಿನ ತಾರೀಖು. ಹಳೆಯ ಕಂಪ್ಯೂಟರಿನ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಸುರಕ್ಷಿತ ತಾಣವನ್ನೂ ನಂಬುವುದಿಲ್ಲ. ಮೂರನೆಯದು ಪರದೆಯ ಅಳತೆ. ಸಣ್ಣ ಮಾನಿಟರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಬಟನ್ ಪರದೆಯಾಚೆ ಹೋಗಿರುತ್ತದೆ. ಕಂಟ್ರೋಲ್ ಜೊತೆ ಸೊನ್ನೆ ಒತ್ತಿದರೆ ಪುಟ ಮೊದಲಿನ ಅಳತೆಗೆ ಬರುತ್ತದೆ. ಇನ್ನು ಬಟನ್ ಮಸುಕಾಗಿ ಕಂಡರೆ ಅದು ದೋಷವಲ್ಲ. ಘೋಷಣೆಗೆ ಟಿಕ್ ಹಾಕಿ, ಸಹಿದಾರರ ಹೆಸರು ಆರಿಸುವವರೆಗೂ ಅದು ಒತ್ತಲು ಸಿಗುವುದಿಲ್ಲ.

ಇಷ್ಟೆಲ್ಲ ಅಂಗಡಿಯವರೇ ಕಲಿಯಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕ್ಯಾಪ್ಚಾ ಬರದಿದ್ದಾಗ ಖಾಲಿ ಜಾಗ ತೋರಿಸುವ ಬದಲು, ಏನಾಗಿದೆ, ಏನು ಮಾಡಬೇಕು ಎಂದು ಕನ್ನಡದಲ್ಲಿ ಎರಡು ಸಾಲು ಬರೆಯುವುದು ಪುಟ ಮಾಡಿದವರಿಗೆ ಕಷ್ಟದ ಕೆಲಸವಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದ ಮೇಲಂತೂ ಜಿಎಸ್‌ಟಿ ಎಂದರೆ ಬೆಚ್ಚಿಬೀಳುವವರೇ ಹೆಚ್ಚು. ಲೆಕ್ಕ ಕೇಳುವ ವ್ಯವಸ್ಥೆ, ಲೆಕ್ಕ ಕೊಡುವ ದಾರಿಯನ್ನೂ ಅಷ್ಟೇ ಸಲೀಸು ಮಾಡಬೇಕು.

ಅಲ್ಲಿಯವರೆಗೆ ವ್ಯಾಪಾರಿಗೆ ದಾಖಲೆಯೇ ರಕ್ಷಣೆ. ತೊಂದರೆ ಪೋರ್ಟಲ್‌ನದೇ ಎನಿಸಿದರೆ ತಾರೀಖು, ಸಮಯ ಕಾಣುವಂತೆ ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಜಿಎಸ್‌ಟಿ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಸಲ್ಲಿಸಿ ಟಿಕೆಟ್ ಸಂಖ್ಯೆ ಪಡೆಯಬೇಕು. ಅಷ್ಟಕ್ಕೇ ಶುಲ್ಕ ಮನ್ನಾ ಆಗುತ್ತದೆಂಬ ಖಾತ್ರಿ ಇಲ್ಲ. ಆದರೆ ಮುಂದೆ ವಿವರಣೆ ಕೊಡಬೇಕಾದಾಗ ‘ಸರ್ವರ್ ಇರಲಿಲ್ಲ’ ಎಂಬ ಬಾಯಿಮಾತಿಗಿಂತ ಅದು ಗಟ್ಟಿ.

ಇನ್ನೊಂದು ಮುಂಜಾಗ್ರತೆಯೂ ಇದೆ. ಗಡುವಿನೊಳಗೆ ಚಲನ್ ಕಟ್ಟಿ, ಹಣ ಕ್ಯಾಶ್ ಲೆಡ್ಜರ್‌ನಲ್ಲಿದ್ದರೆ, ರಿಟರ್ನ್ಸ್ ತಡವಾದರೂ ಆ ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ. 2024ರ ಜುಲೈನಲ್ಲಿ ಆದ ನಿಯಮ ತಿದ್ದುಪಡಿ ಇದು. ವಿಳಂಬ ಶುಲ್ಕಕ್ಕೆ ಮಾತ್ರ ಈ ವಿನಾಯಿತಿ ಇಲ್ಲ.

ಮಾಸಿಕ 3ಬಿ ಗಡುವು 20, ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಕರ್ನಾಟಕದ ವ್ಯಾಪಾರಿಗಳಿಗೆ 22. ಒಂದು ವಾರ ಮೊದಲೇ ಲಾಗಿನ್ ಆಗಿ ನೋಡಿದರೆ, ಕಾಣದ ಬಟನ್ ಹುಡುಕಲು ಸಮಯವಾದರೂ ಇರುತ್ತದೆ.