ಡೆರೆಕ್ ಟ್ರಕ್ಸ್ ಯಾರ ಶಿಷ್ಯ?

ಡೆರೆಕ್ ಟ್ರಕ್ಸ್ ಗಿಟಾರ್ ಕೇಳಿದ ಭಾರತೀಯ ರಸಿಕರು ಮೊದಲು ಹೇಳುವ ಮಾತು: 'ಅರೆ, ಸರೋದಿನ ಮೀಂಡ್! ಇದು ನಮ್ಮದೇ!' ಅರ್ಧ ನಿಜ. ಅಮೆರಿಕದ ಈ ಬ್ಲೂಸ್-ರಾಕ್ ವಾದಕ ಉಸ್ತಾದ್ ಅಲಿ ಅಕ್ಬರ್ ಖಾನರನ್ನು ಮನಸಾರೆ ಕೇಳಿದವನು. 2002ರ 'ಜಾಯ್‌ಫುಲ್ ನಾಯ್ಸ್' ಆಲ್ಬಂನಲ್ಲಿ ರಾಹತ್ ಫತೇ ಅಲಿ ಖಾನರಿಂದ ಹಾಡಿಸಿದ್ದಾನೆ.

ಆದರೆ ಬುಡ ಅಲ್ಲಿಲ್ಲ. ಒಂಬತ್ತರ ಹರೆಯದಲ್ಲಿ ಗಿಟಾರ್ ಹಿಡಿದ ಹುಡುಗ ಬೆರಳಿಗೆ ಗಾಜಿನ ಸ್ಲೈಡ್ ತೊಟ್ಟದ್ದು ಕೈ ಪುಟ್ಟದೆಂದು, ರಾಗದ ಹಂಬಲಕ್ಕಲ್ಲ. ಆಗ ಕಿವಿಯಲ್ಲಿದ್ದವರು ಡ್ವೇನ್ ಆಲ್‌ಮನ್, ಎಲ್ಮೋರ್ ಜೇಮ್ಸ್. ಪ್ಲೆಕ್ಟ್ರಮ್ ಇಲ್ಲದೆ ಬರಿಬೆರಳಲ್ಲಿ ಮೀಟಿ, ಸ್ವರವನ್ನು ಹಾಡುಗಾರನ ಗಂಟಲಿನಂತೆ ಎಳೆಯುವ ಟ್ರಕ್ಸ್ ಶೈಲಿಯ ಜೀವ ಈ ಸ್ಲೈಡಿನಲ್ಲೇ ಇದೆ. ಸರೋದ್ ಅದಕ್ಕೆ ತಾಳ್ಮೆ ಕಲಿಸಿರಬಹುದು. ಮಾತು ಕಲಿಸಿದ್ದು ಮಿಸಿಸಿಪ್ಪಿ.

ಈ ಎಲ್ಮೋರ್ ಜೇಮ್ಸ್ ರೇಡಿಯೋ ರಿಪೇರಿ ಮಾಡುತ್ತಿದ್ದ ಕರಿಯ ಕಲಾವಿದ, 1963ರಲ್ಲಿ 45ಕ್ಕೇ ತೀರಿಕೊಂಡವನು. ಅವನಂಥವರ ವಿದ್ಯೆಯಿಂದ ಬಿಳಿಯರ ಬ್ಯಾಂಡುಗಳು ಹಣ, ಹೆಸರು ಮಾಡಿದ್ದು ಹಳೆಯ ಕತೆ. ಉಳಿದ ಕೀರ್ತಿಯನ್ನೂ ಮುಂಬೈ, ಪುಣೆಯ ಬೈಠಕ್ ಪ್ರಿಯರು ಸರೋದಿನ ಖಾತೆಗೆ ಬರೆದುಕೊಳ್ಳಬೇಕೆ? ಮೊದಲು 1951ರ 'ಡಸ್ಟ್ ಮೈ ಬ್ರೂಮ್' ಕೇಳಲಿ. ಅದರಲ್ಲಿ ಮೈಹರ್ ಘರಾಣೆ ಎಲ್ಲಿದೆ ಎಂದು ಆಮೇಲೆ ತೋರಿಸಲಿ.